ಫ್ಯಾಂಟಸಿಲಿ ಮನೆ, ಆಸರೆ: ಟೋಲ್ಕಿನ್ ಓದೋದಾ, ಹ್ಯಾರಿ ಪಾಟರ್ ಓದೋದಾ

ಎರಡರಲ್ಲೂ ಕತೆಯ ಜೀವ ಮನೆನೇ, ಆದ್ರೆ ದಾರಿ ಪೂರ್ತಿ ಉಲ್ಟಾ.

1954-55ರಲ್ಲಿ ಬಂದ ಟೋಲ್ಕಿನ್ ಬರೆದ ಲಾರ್ಡ್ ಆಫ್ ದ ರಿಂಗ್ಸ್‌ನಲ್ಲಿ ಕತೆಯ ನಾಯಕ ಫ್ರೋಡೋಗೆ ಮೊದ್ಲೇ ಚೆಂದದ ಮನೆ ಇರತ್ತೆ, ಶೈರ್ ಅನ್ನೋ ಆ ಊರನ್ನ ಉಳಿಸೋಕೇ, ದುಷ್ಟ ಸೌರಾನ್‌ನ ಮಾಯಾ ಉಂಗುರ ನಾಶ ಮಾಡೋಕೆ ಅವ್ನು ಬಿಟ್ಟು ಹೊರಡೋದು. ವಾಪಸ್ ಬಂದು ನೋಡಿದ್ರೆ ಶೈರ್‌ನಲ್ಲಿ ಮರಗಳನ್ನ ಕಡ್ದು ಹಾಕಿದಾರೆ, ಅವ್ನ ಹಳೇ ಮನೇಲೇ ಕೆಟ್ಟದಾರಿ ಹಿಡಿದ ಮಾಂತ್ರಿಕ ಸರುಮಾನ್ ಬಂದು ಕೂತಿದಾನೆ (ಬರೀ ಸಿನಿಮಾ ನೋಡಿದವ್ರಿಗೆ ಈ ಘಟ್ಟ ಸಿಕ್ಕೇ ಇರಲ್ಲ, ಅದೇ ಬೇಜಾರು). ಆಮೇಲೆ ಫ್ರೋಡೋ ಜೊತೆಗಾರ ಸ್ಯಾಮ್ ಹೊಸ ಗಿಡ ನೆಡ್ತಾನೆ, ಊರು ಸರಿಹೋಗತ್ತೆ, ಆದ್ರೆ ಫ್ರೋಡೋ ಗಾಯ ಮಾತ್ರ ಮಾಯಲ್ಲ, ಕೊನೆಗೆ ಹಡಗು ಹತ್ತಿ ಹೋಗೇಬಿಡ್ತಾನೆ. ರಿವೆಂಡೆಲ್ ಅನ್ನೋ ಆಸರೆ ಜಾಗನೂ ಅಲ್ಲಿನ ಒಡೆಯ ಎಲ್ರಾಂಡ್‌ನ ಉಂಗುರದ ಬಲದ ಮೇಲೇ ನಿಂತಿದ್ದು, ಆ ಬಲ ಸೌರಾನ್ ಉಂಗುರಕ್ಕೆ ಕಟ್ಟುಬಿದ್ದಿರೋದ್ರಿಂದ ಅದು ನಾಶ ಆದ್ರೆ ರಿವೆಂಡೆಲ್ ಕಾಲಾನೂ ಮುಗೀತು.

1997ರಲ್ಲಿ ಶುರುವಾದ ಹ್ಯಾರಿ ಪಾಟರ್‌ನಲ್ಲಿ ಹುಡುಗ ಮಲಗೋದೇ ಮೆಟ್ಟಿಲ ಕೆಳಗಿನ ಗೂಡಲ್ಲಿ, ಮನೆ ಅನ್ನಿಸೋ ಜಾಗ ಅವ್ನಿಗೆ ಸಿಗೋದು ಮಾಂತ್ರಿಕ ಶಾಲೆ ಹಾಗ್ವಾರ್ಟ್ಸ್‌ನಲ್ಲಿ. ಮಜಾ ಏನಂದ್ರೆ 17 ತುಂಬೋವರೆಗೂ ಅವ್ನನ್ನ ಕಾಯೋದು ಅವ್ನಿಗೆ ಆಗದೇ ಇರೋ ದೊಡ್ಡಮ್ಮನ ಮನೇನೇ, ತೀರಿಹೋದ ಅಮ್ಮನ ರಕ್ತಸಂಬಂಧ ಅಲ್ಲಿದೆ ಅನ್ನೋ ಒಂದೇ ಕಾರಣಕ್ಕೆ. ಹ್ಯಾರಿ ಗೆಳೆಯ ರಾನ್‌ನ ಕುಟುಂಬ, ಅಂದ್ರೆ ವೀಸ್ಲಿಗಳ ಮನೆ ಗಡಿಯಾರಾನೂ ನೋಡಿ, ಟೈಮ್ ಬದ್ಲು ಮನೆಯವ್ರು ಯಾರ್ಯಾರು ಎಲ್ಲಿದಾರೆ ಅಂತ ತೋರ್ಸತ್ತೆ, ಜೀವಕ್ಕೆ ಅಪಾಯ ಅಂತಾನೂ ಒಂದು ಗುರುತಿದೆ ಅದ್ರಲ್ಲಿ.

ಓದೋಕೆ ಸಲೀಸು ಪಾಟರ್, ತನ್ನೋರು ಅನ್ನೋರನ್ನ ಹುಡುಕ್ತಾ ಇರೋರಿಗೆ ಅದೇ ಸರಿ. ಹಳೇ ಮನೆಗೆ ಹೋದ್ರೂ ಹಳೇ ಥರ ಇರೋಕಾಗಲ್ಲ ಅನ್ನೋ ಸಂಕಟ ಗೊತ್ತಿದ್ರೆ ಟೋಲ್ಕಿನ್ ಹಿಡೀರಿ, ನನ್ನ ವೋಟ್ ಅದಕ್ಕೇ, ಶುರುವಿನ ಚಾಪ್ಟರ್‌ಗಳು ಸಿಕ್ಕಾಪಟ್ಟೆ ನಿಧಾನ ಇದ್ರೂ.