ಮೊದಲ ತಿಂಗಳು ಏನು ಕೇಳುವುದು: ಕೃತಿಯೋ, ಖಯಾಲೋ?

ಶಾಸ್ತ್ರೀಯ ಸಂಗೀತ ಕೇಳಬೇಕೆಂದು ಹೊರಟವರನ್ನು ನಮ್ಮಲ್ಲಿ ಊರೇ ಒಂದು ಕಡೆಗೆ ತಳ್ಳಿಬಿಡುತ್ತದೆ. ಮೈಸೂರು, ಬೆಂಗಳೂರಾದರೆ ತ್ಯಾಗರಾಜರ ಕೃತಿ, ಅಂದರೆ ಕರ್ನಾಟಕಿ ಪದ್ಧತಿಯ ಹಾಡು. ಧಾರವಾಡ, ಹುಬ್ಬಳ್ಳಿ, ಗದಗವಾದರೆ ಖಯಾಲು, ಅಂದರೆ ರಾಗವನ್ನು ಹಿಗ್ಗಿಸಿ ಹಾಡುವ ಹಿಂದೂಸ್ತಾನಿ ಗಾಯನ. ಊರನ್ನು ಬದಿಗಿಟ್ಟು ಕಿವಿಗೇ ಆಯ್ಕೆ ಬಿಟ್ಟರೆ ಏನಾಗುತ್ತದೆ ಎಂದು ನೋಡಲು ಎರಡು ರಾಗ ಹಿಡಿದೆವು: ಕರ್ನಾಟಕಿಯ ಮೋಹನ, ಹಿಂದೂಸ್ತಾನಿಯ ಭೂಪ್. ಎರಡಕ್ಕೂ ಅವೇ ಐದು ಸ್ವರ, ಸ ರಿ ಗ ಪ ದ. ದಿನಕ್ಕೆ ಅರ್ಧ ಗಂಟೆ, ಒಂದೇ ಧ್ವನಿಮುದ್ರಣ. ಒಂದು ಪದ್ಧತಿಗೆ 15 ದಿನ, ಇನ್ನೊಂದಕ್ಕೆ 15 ದಿನ.

ಬೇಗ ಕೈಗೆ ಸಿಗುವುದು ಕೃತಿ, ಅದರಲ್ಲಿ ಅನುಮಾನವಿಲ್ಲ. ಪಲ್ಲವಿ ಮತ್ತೆ ಮತ್ತೆ ಬರುವುದರಿಂದ ಮೂರನೆಯ ದಿನಕ್ಕೆ ಗುನುಗು ಶುರುವಾಗುತ್ತದೆ. ಆದಿತಾಳವನ್ನು ತೊಡೆಯ ಮೇಲೆ ಹಾಕುವುದೂ ಸುಲಭ: ಒಂದು ಪೆಟ್ಟು, ಕಿರುಬೆರಳಿನಿಂದ ಮೂರು ಎಣಿಕೆ, ಆಮೇಲೆ ಎರಡು ಸಲ ಪೆಟ್ಟು-ಹುಸಿ (ಹುಸಿ ಎಂದರೆ ಅಂಗೈ ಮೇಲೆ ಮಾಡುವುದು). ಒಟ್ಟು ಎಂಟು. ಹೊಸಬರು ಎಡವುವುದು ಎತ್ತುಗಡೆಯಲ್ಲಿ, ಅಂದರೆ ತಾಳದಲ್ಲಿ ಹಾಡು ಶುರುವಾಗುವ ಜಾಗದಲ್ಲಿ. ಹಾಡಿನ ಮೊದಲ ಅಕ್ಷರಕ್ಕೇ ಮೊದಲ ಪೆಟ್ಟು ಕೊಡುತ್ತಾರೆ. ಅನೇಕ ಕೃತಿಗಳು ಅರ್ಧವೋ ಒಂದೂವರೆಯೋ ಎಣಿಕೆ ಬಿಟ್ಟು ಶುರುವಾಗುವುದರಿಂದ ಕೈ ಒಂದು ದಾರಿ, ಮೃದಂಗ ಒಂದು ದಾರಿ. ಆದಿತಾಳದ ವರ್ಣಗಳು (ಕಛೇರಿಯ ಆರಂಭದಲ್ಲಿ ಹಾಡುವ ರಚನೆಗಳು) ಸಾಮಾನ್ಯವಾಗಿ ಮೊದಲ ಪೆಟ್ಟಿಗೇ ಎತ್ತುತ್ತವೆ. ಕೈಯನ್ನು ಅಲ್ಲಿ ಪಳಗಿಸಿಕೊಂಡು ಬನ್ನಿ.

ಆದರೆ ಕೃತಿಯಿಂದ ಹಾಡು ಸಿಗುತ್ತದೆ, ರಾಗ ಸಿಗುವುದು ತಡ. ‘ನನು ಪಾಲಿಂಪ’ ಬಾಯಿಪಾಠವಾದವರಿಗೆ ‘ಮೋಹನರಾಮ’ ಹಾಕಿದರೆ ಬೇರೆ ರಾಗವೆಂದೇ ಹೇಳುತ್ತಾರೆ. ಎರಡೂ ತ್ಯಾಗರಾಜರದೇ, ಎರಡೂ ಮೋಹನ, ಎರಡೂ ಆದಿತಾಳ! ಸಾಹಿತ್ಯ ಕಿವಿಯನ್ನು ಪೂರ್ತಿ ಆವರಿಸಿಕೊಳ್ಳುವುದೇ ಇದಕ್ಕೆ ಕಾರಣ. ಕೃತಿಗೆ ಮುಂಚಿನ ಆಲಾಪನೆ (ಸಾಹಿತ್ಯವಿಲ್ಲದ ರಾಗವಿಸ್ತಾರ), ಕೃತಿಯ ನಂತರದ ಕಲ್ಪನಾಸ್ವರ (ಸ್ಥಳದಲ್ಲೇ ಕಟ್ಟಿ ಹಾಡುವ ಸ್ವರಗಳು) ಇರುವ ಮುದ್ರಣವನ್ನೇ ಆರಿಸಿ. ಬರೀ ಆರು ನಿಮಿಷದ ಕೃತಿ ಬೇಡ. ದೇವರನಾಮಗಳಿಗೂ ಇದೇ ಮಾತು. ಕನ್ನಡವೆಂಬ ಸುಖವೇನೋ ಉಂಟು, ಆದರೆ ಕಛೇರಿಯ ಕೊನೆಯಲ್ಲಿ ನಾಲ್ಕೈದು ನಿಮಿಷಕ್ಕೆ ಮುಗಿಯುವಲ್ಲಿ ರಾಗ ಬಿಚ್ಚಿಕೊಳ್ಳುವುದಿಲ್ಲ.

ಖಯಾಲಿನದು ಇದಕ್ಕೆ ತದ್ವಿರುದ್ಧ. ಮೊದಲ ವಾರ ಕೈಗೆ ಏನೂ ಹತ್ತುವುದಿಲ್ಲ. ಬಂದಿಶಿನ, ಅಂದರೆ ಖಯಾಲಿನ ಹಾಡಿನ, ಸಾಹಿತ್ಯ ಎರಡೋ ನಾಲ್ಕೋ ಸಾಲು, ಅದೂ ಹೆಚ್ಚಾಗಿ ಬ್ರಜ್ ಭಾಷೆಯಲ್ಲಿ. ವಿಲಂಬಿತ (ನಿಧಾನಗತಿಯ) ಏಕತಾಳದ ಒಂದು ಮಾತ್ರೆಗೆ (ಎಣಿಕೆಗೆ) ನಾಲ್ಕು ಸೆಕೆಂಡು ಎಂದರೂ 12 ಮಾತ್ರೆಯ ಒಂದು ಆವರ್ತಕ್ಕೆ (ತಾಳದ ಒಂದು ಸುತ್ತಿಗೆ) 48 ಸೆಕೆಂಡು. ಬೆರಳೆಣಿಸಿ ಅದನ್ನು ಹಿಡಿಯುವುದು ಆಗದ ಮಾತು. ಎಣಿಸಬೇಡಿ, ತಬಲಾದ ಠೇಕಾದಲ್ಲಿ (ತಾಳಕ್ಕೆ ಗೊತ್ತುಮಾಡಿದ ಪೆಟ್ಟುಗಳ ಸಾಲಿನಲ್ಲಿ) ‘ಧಾಗೆ ತಿರಕಿಟ’ ಕೇಳಿ. ಆವರ್ತಕ್ಕೆ ಎರಡು ಸಲ ಬರುತ್ತದೆ. ಬೆನ್ನಿಗೆ ‘ತೂ ನಾ’ ಬಂದರೆ ಇನ್ನೂ ಅರ್ಧ ದಾರಿ ಇದೆ. ‘ಧೀ ನಾ’ ಬಂದರೆ ಮುಂದಿನದೇ ಸಮ್, ಆವರ್ತದ ಮೊದಲ ಮಾತ್ರೆ. ಇಷ್ಟು ಗೊತ್ತಾದ ದಿನ ಖಯಾಲಿನ ಬಾಗಿಲು ತೆರೆಯಿತೆಂದೇ ಲೆಕ್ಕ. ಅಲ್ಲಿಂದಾಚೆ ಗಾಂಧಾರದಲ್ಲಿ (ಗ) ನಿಲ್ಲುವುದು, ಪಂಚಮಕ್ಕೆ (ಪ) ಹೋಗಿ ಹಿಂದಿರುಗುವುದು, ತಾರ ಷಡ್ಜವನ್ನು (ಮೇಲಿನ ಸ) ಬೇಕೆಂದೇ ತಡಮಾಡುವುದು, ಎಲ್ಲ ಕಾಣತೊಡಗುತ್ತದೆ. ಭೂಪ್ ಹೀಗೆ ಕುಳಿತ ಮೇಲೆ ಅವೇ ಸ್ವರಗಳ ದೇಶ್‌ಕಾರ್ ಕೇಳಿಸಿದರೆ, ಹೆಸರು ತಿಳಿಯದಿದ್ದರೂ ‘ಇದು ಅದಲ್ಲ, ಇಲ್ಲಿ ಧೈವತಕ್ಕೆ (ದ) ಜೋರು’ ಎಂದು ಕಿವಿ ಹೇಳುತ್ತದೆ.

ಗಾಯಕರ ಆಯ್ಕೆಯೂ ಲೆಕ್ಕಕ್ಕೆ ಬರುತ್ತದೆ. ಮಲ್ಲಿಕಾರ್ಜುನ ಮನ್ಸೂರರ ಲಯ ಅಷ್ಟೊಂದು ನಿಧಾನವಲ್ಲವಾದ್ದರಿಂದ ತಾಳ ಹಿಡಿಯಲು ಅನುಕೂಲ, ಆದರೆ ಅವರ ಮೋಹ ಅಪರೂಪದ ರಾಗ, ಜೋಡುರಾಗಗಳ ಮೇಲೆ. ಮೊದಲ ತಿಂಗಳಿಗೆ ಅದು ಭಾರ. ಒಂದೊಂದೇ ಸ್ವರವಾಗಿ ಮೇಲೇರುವ ಕಿರಾಣಾ ಘರಾಣೆಯ (ಗಾಯನ ಪರಂಪರೆಯ) ಬಢತ್ (ರಾಗವಿಸ್ತಾರ), ಅಂದರೆ ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್ ಅವರದು, ಹೊಸ ಕಿವಿಗೆ ಹೆಚ್ಚು ಒದಗುತ್ತದೆ. ಎಲ್‌ಪಿ ರೆಕಾರ್ಡುಗಳ ಕಾಲದ ಮುದ್ರಣ ಸಿಕ್ಕರೆ ಬಿಡಬೇಡಿ: ಒಂದು ಬದಿಗೆ 20 ನಿಮಿಷದ ಆಸುಪಾಸು, ದಿನವೂ ಕೇಳಲು ಹದವಾದ ಅಳತೆ.

ನಮ್ಮ ಮತ: ಅವಸರದವರಿಗೆ ಕೃತಿ, ರಾಗದ ಆಸೆಯವರಿಗೆ ಖಯಾಲು. ಒಂದೇ ತಿಂಗಳು ಇದ್ದರೆ ಖಯಾಲಿಗೇ ಹೆಚ್ಚು ದಿನ ಕೊಡಿ.

ಯಾವುದೇ ಆಗಲಿ, ಮೊಬೈಲಿನ ಸ್ಪೀಕರಿನಲ್ಲಿ ಬೇಡ. ಗಾಯಕರ ಶ್ರುತಿ (ಆಧಾರ ಸ್ವರ) ಸಿ ಶಾರ್ಪ್ ಆದರೆ ತಂಬೂರಿಯ ಮಂದ್ರ ಷಡ್ಜ (ಕೆಳಗಿನ ಸ) ಸುಮಾರು 69 ಹರ್ಟ್ಸ್. ಅದನ್ನಾಗಲಿ, ಡಗ್ಗಾದ (ತಬಲಾ ಜೋಡಿಯ ಎಡಗೈ ವಾದ್ಯದ) ಗುಂಗನ್ನಾಗಲಿ ಆ ಪುಟ್ಟ ಸ್ಪೀಕರು ನುಡಿಸಲಾರದು. ಸಾಧಾರಣ ಇಯರ್‌ಫೋನೂ ವಾಸಿ. ಹೆಸರುಗಳ ಮೇಲೂ ಕಣ್ಣಿರಲಿ: ಕರ್ನಾಟಕಿಯ ಹಿಂದೋಳ ಹಿಂದೂಸ್ತಾನಿಯಲ್ಲಿ ಮಾಲ್‌ಕೌಂಸ್, ಅಲ್ಲಿಯ ಹಿಂದೋಲ್ ಬೇರೆಯೇ ರಾಗ. ಭೈರವಿ, ತೋಡಿಗಳದೂ ಅದೇ ಕಥೆ.

ಕಛೇರಿಗೆ ಎರಡನೆಯ ತಿಂಗಳು ಹೋಗಿ. ಬೆಂಗಳೂರಿನವರಿಗೆ ಚಾಮರಾಜಪೇಟೆ ಕೋಟೆ ಹೈಸ್ಕೂಲಿನ ರಾಮನವಮಿ ಸಂಗೀತೋತ್ಸವವಿದೆ. ಧ್ವನಿವರ್ಧಕದ ಪಕ್ಕ ಕೂರದೆ, ಗಾಯಕರ ಬಲಗೈ ಕಾಣುವ ಜಾಗ ನೋಡಿ; ತಾಳ ತೊಡೆಯ ಮೇಲೆ ನಡೆಯುತ್ತಿರುತ್ತದೆ, ಧ್ವನಿಮುದ್ರಣದಲ್ಲಿ ಸಿಗದ ಪಾಠ ಅದು. ತನಿ ಆವರ್ತನ (ಮೃದಂಗ ಮುಂತಾದ ಲಯವಾದ್ಯಗಳು ಮಾತ್ರ ನುಡಿಯುವ ಭಾಗ) ಶುರುವಾದೊಡನೆ ಅರ್ಧ ಸಭೆ ಕಾಫಿಗೆ ಏಳುತ್ತದೆ. ಏಳಬೇಡಿ; ಹಾಡಿಲ್ಲದೆ ಬರೀ ಆ ಕೈಯನ್ನು, ಮೃದಂಗವನ್ನು ಹಿಂಬಾಲಿಸಲು ಇಡೀ ಕಛೇರಿಯಲ್ಲಿ ಸಿಗುವ ಸಮಯ ಅದೊಂದೇ.