ಮೋಟರ್ ಕೂಗಿದಾಗ: ಹೊಸ ಯೂನಿಟ್ಟೋ, ಬೇರಿಂಗ್ ರಿಪೇರಿಯೋ, ಹೆಚ್ಚುವರಿ ವಾರಂಟಿಯೋ?

ನನ್ನ ಕಾರು ಚಿಕ್ಕಮಗಳೂರಿನದು, ಭಾವನ ಕಾರು ಹಾಸನದ್ದು. ಎರಡೂ ಎಲೆಕ್ಟ್ರಿಕ್ (ಇವಿ), ಒಂದೇ ಮಾಡೆಲ್. ನಾನು ಹೊಸದಾಗಿ ಕೊಂಡೆ. ಭಾವ ಸೆಕೆಂಡ್ ಹ್ಯಾಂಡ್ ತಗೊಂಡರು, ಅದು ಮೊದಲು ಬೆಂಗಳೂರಿನಲ್ಲಿ ಬಾಡಿಗೆಗೆ ಓಡಿದ ಗಾಡಿ. ಹೆಚ್ಚುಕಮ್ಮಿ ಒಂದೇ ಕಾಲಕ್ಕೆ ಎರಡರಲ್ಲೂ ಬಾನೆಟ್ ಕೆಳಗಿಂದ ಸಣ್ಣ ಕೀಂ ಶಬ್ದ ಶುರುವಾಯಿತು, ಪಕ್ಕದ ಮನೆಯಲ್ಲಿ ಮಿಕ್ಸಿ ಓಡಿದ ಹಾಗೆ. ನನ್ನದಕ್ಕೆ ವಾರಂಟಿಯಲ್ಲಿ ಇಡೀ ಮೋಟರ್ ಯೂನಿಟ್ ಬದಲಾಯಿತು. ಭಾವನಿಗೆ ವಾರಂಟಿ ಸಿಗಲಿಲ್ಲ, ಹೊರಗಡೆ ಮೋಟರಿನ ಬೇರಿಂಗ್ (ಶಾಫ್ಟ್ ಸಲೀಸಾಗಿ ತಿರುಗಲು ಇರುವ ಗುಂಡುಗಳ ಬಳೆ) ಹಾಕಿಸಿದರು. ಆಮೇಲೆ ಎರಡೂ ಕಾರನ್ನು ಬೇಲೂರು ರಸ್ತೆಯಲ್ಲೂ ಮುಳ್ಳಯ್ಯನಗಿರಿ ದಾರಿಯಲ್ಲೂ ಅದಲು ಬದಲು ಮಾಡಿಕೊಂಡು ಓಡಿಸಿದ್ದೇವೆ. ಕಂಪನಿ ಹೆಸರು ಬೇಡ. ಈ ಕಾಯಿಲೆ ಒಬ್ಬರ ಮನೆಯದಲ್ಲ.

ದುಡ್ಡಿನ ಮಾತಿಗೆ ಮೊದಲು ಶಬ್ದದ ಮಾತು. ಶಬ್ದ ಎಲ್ಲಿಂದ ಬರುತ್ತಿದೆ ಎನ್ನುವುದರ ಮೇಲೆ ಯಾವ ವಾರಂಟಿ ಹಿಡಿಯುತ್ತದೆ, ಯಾವುದು ಹಿಡಿಯುವುದಿಲ್ಲ ಎಂಬುದು ನಿಂತಿದೆ. ಹೆಚ್ಚಿನವರು ಇದನ್ನು ಬಿಟ್ಟು ನೇರ "ಮೋಟರ್ ಹೋಯ್ತು" ಎಂದುಬಿಡುತ್ತಾರೆ.

ಕಡೂರು ರಸ್ತೆಯಲ್ಲಿ ನೇರವಾದ ತುಂಡುಗಳಿವೆ. ಬೆಳಗ್ಗೆ ಬೇಗ ಹೋದರೆ ಗಾಡಿಗಳೂ ಕಡಿಮೆ. ಅಲ್ಲಿ ಎಸಿ, ಫ್ಯಾನ್, ರೇಡಿಯೋ ಎಲ್ಲ ಆಫ್ ಮಾಡಿ 60ರಲ್ಲಿ ಓಡಿಸಿದೆವು. ಮೊದಲು ಕಾಲು ಒತ್ತಿ ನೋಡುವುದು, ಆಮೇಲೆ ಕಾಲು ತೆಗೆದು ರೀಜೆನ್ (ಮೋಟರೇ ಬ್ರೇಕಿನಂತೆ ಹಿಡಿದು ಬ್ಯಾಟರಿಗೆ ಕರೆಂಟ್ ವಾಪಸ್ ಕಳಿಸುವುದು) ಬಂದಾಗ ಕೇಳುವುದು, ಆಮೇಲೆ ಒಂದು ಕ್ಷಣ ನ್ಯೂಟ್ರಲ್. ಪೆಟ್ರೋಲ್ ಕಾರಿನಲ್ಲಿ ನ್ಯೂಟ್ರಲ್‌ಗೆ ಹಾಕಿದರೆ ಎಂಜಿನ್ ಬೇರೆ, ಚಕ್ರ ಬೇರೆ ಆಗುತ್ತದೆ. ಹೆಚ್ಚಿನ ಇವಿಗಳಲ್ಲಿ ಹಾಗಿಲ್ಲ. ಕ್ಲಚ್ಚೇ ಇಲ್ಲ. ಚಕ್ರ ತಿರುಗುತ್ತಿದ್ದರೆ ಮೋಟರ್ ಒಳಗಿನ ತಿರುಗುವ ಭಾಗ, ಅಂದರೆ ರೋಟರ್ ಕೂಡ ತಿರುಗುತ್ತಲೇ ಇರುತ್ತದೆ. ನ್ಯೂಟ್ರಲ್‌ನಲ್ಲಿ ನಿಲ್ಲುವುದು ಎಳೆತ ಮಾತ್ರ. ಹಾಗಾಗಿ ಎಳೆತ ಹೋದ ಕೂಡಲೇ ಶಬ್ದವೂ ಹೋದರೆ ಗೇರ್ ಹಲ್ಲುಗಳ ಮೇಲೆ, ಇಲ್ಲಾ ಮೋಟರಿನ ವಿದ್ಯುತ್ ಶಬ್ದದ ಮೇಲೆ ಅನುಮಾನ. ಎಳೆತ ಇದ್ದರೂ ಇಲ್ಲದಿದ್ದರೂ ಒಂದೇ ಸಮ ಕೂಗುತ್ತಿದ್ದರೆ ಬೇರಿಂಗ್.

ಯಾವ ಬೇರಿಂಗ್? ಅದಕ್ಕೆ ಸ್ಟೇರಿಂಗನ್ನು ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ತೂಗಿಸಿ ನೋಡಬೇಕು. ಭಾರ ಒಂದು ಕಡೆ ಬಿದ್ದಾಗ ಶಬ್ದ ಏರಿ ಇಳಿದರೆ ಅದು ಚಕ್ರದ ಬೇರಿಂಗ್, ಮೋಟರಿಗೂ ಅದಕ್ಕೂ ಸಂಬಂಧವಿಲ್ಲ. ಶ್ರುತಿಯಿಂದಲೂ ಗೊತ್ತಾಗುತ್ತದೆ. ಚಕ್ರದ ಸುತ್ತಳತೆ ಸುಮಾರು 2 ಮೀಟರ್ ಎಂದುಕೊಳ್ಳಿ. 60 ಕಿ.ಮೀ. ವೇಗದಲ್ಲಿ ಚಕ್ರ ನಿಮಿಷಕ್ಕೆ 500 ಸುತ್ತು ಹಾಕುತ್ತದೆ. ಮೋಟರಿಗೂ ಚಕ್ರಕ್ಕೂ ಮಧ್ಯೆ ಇರುವ ಗೇರಿನ ಅನುಪಾತ ಸಾಮಾನ್ಯವಾಗಿ 9, 10ರ ಆಸುಪಾಸು. ಅಂದರೆ ಅದೇ ಹೊತ್ತಿಗೆ ಮೋಟರ್ 4,500ರಿಂದ 5,000 ಸುತ್ತು. ಚಕ್ರದ ಬೇರಿಂಗ್ ಗೊಂಯ್ ಅನ್ನುತ್ತದೆ, ಮೋಟರಿನದು ಕೀಂ ಅನ್ನುತ್ತದೆ. ಇನ್ನೊಂದು ಮಾತು. ನಿಧಾನಕ್ಕೆ ಹೋಗುವಾಗ ಪಾದಚಾರಿಗಳಿಗೆ ತಿಳಿಯಲಿ ಎಂದು ಕೆಲವು ಕಾರುಗಳು ಸ್ಪೀಕರಿನಿಂದಲೇ ಗುಂಯ್ ಅನ್ನಿಸುತ್ತವೆ. ಅದನ್ನೇ ರಿಪೇರಿಗೆ ತಂದವರಿದ್ದಾರೆ ಎಂದು ಸರ್ವಿಸ್ ಹುಡುಗ ಹೇಳಿದ.

ನಮ್ಮೆರಡೂ ಕಾರಿನದು ಮೋಟರ್ ಬೇರಿಂಗ್ ಕಡೆಗೇ ಬೆರಳು ತೋರಿಸಿತು. ಇವಿಗಳಲ್ಲಿ ಬೇರಿಂಗ್ ಬೇಗ ಕೆಡಲು ಒಂದು ಕಾರಣವಿದೆ. ಬ್ಯಾಟರಿಯ ಡಿಸಿ ಕರೆಂಟನ್ನು ಇನ್ವರ್ಟರ್ ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ ಮೋಟರಿಗೆ ಕೊಡುತ್ತದೆ. ಅದರಿಂದ ರೋಟರ್ ಶಾಫ್ಟಿನಲ್ಲಿ ಸ್ವಲ್ಪ ವೋಲ್ಟೇಜ್ ಹುಟ್ಟುತ್ತದೆ. ಅದಕ್ಕೆ ಇಳಿದು ಹೋಗಲು ಬೇರೆ ದಾರಿ ಕೊಡದಿದ್ದರೆ ಬೇರಿಂಗಿನ ತೆಳು ಗ್ರೀಸ್ ಪದರವನ್ನು ದಾಟಿ ಹಾರುತ್ತದೆ. ಒಂದೊಂದು ಸಲ ಹಾರಿದಾಗಲೂ ಲೋಹದಲ್ಲಿ ಕಣ್ಣಿಗೆ ಕಾಣದ ಗುಳಿ. ಕೊನೆಗೆ ಗುಂಡುಗಳು ಓಡುವ ದಾರಿಯ ಮೇಲೆ ಸಾಲು ಸಾಲು ಗೆರೆ ಬೀಳುತ್ತವೆ, ಶಬ್ದ ಶುರುವಾಗುತ್ತದೆ. ಸೀಲ್ ಸಡಿಲವಾಗಿ ನೀರು ಒಳಗೆ ಹೋಗುವುದು ಇನ್ನೊಂದು ದಾರಿ. ಮಲೆನಾಡಿನ ಮಳೆಗಾಲದಲ್ಲಿ ತೋಟದ ರಸ್ತೆಯ ಕೆಸರಲ್ಲಿ ಓಡಿಸುವವರು ಇದನ್ನು ಹಗುರವಾಗಿ ನೋಡಬಾರದು.

ಈಗ ನನ್ನ ದಾರಿ, ಅಂದರೆ ಕಂಪನಿ ವಾರಂಟಿಯಲ್ಲಿ ಇಡೀ ಯೂನಿಟ್ ಬದಲಾವಣೆ. ನಮ್ಮಲ್ಲಿ ಹಲವು ಇವಿಗಳಿಗೆ ಬ್ಯಾಟರಿ ಮತ್ತು ಮೋಟರ್ ಮೇಲೆ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಇದೆ, ಯಾವುದು ಮೊದಲೋ ಅದು. ನನ್ನದೂ ಅಂಥದ್ದೇ. ಆದರೂ ಮೊದಲ ಸಲ ಹೋದಾಗ ಸಿಕ್ಕ ಉತ್ತರ "ಇವಿಯಲ್ಲಿ ಇದು ಇರೋದೇ ಸಾರ್". ಎರಡನೇ ಸಲವೂ ಅದೇ. ವಾರಂಟಿ ಪುಸ್ತಕ ಬಿಡಿಸಿ ನೋಡಿದರೆ, ಗಾಡಿಯ ಕೆಲಸಕ್ಕೆ ತೊಂದರೆ ಮಾಡದ ಸಾಮಾನ್ಯ ಶಬ್ದ, ಕಂಪನ ವಾರಂಟಿಗೆ ಬರುವುದಿಲ್ಲ ಎಂಬ ಸಾಲಿದೆ. ಅವರು ನಿಂತಿದ್ದು ಆ ಸಾಲಿನ ಮೇಲೆ.

ಕೆಲಸ ಆಗಿದ್ದು ಜಾಬ್ ಕಾರ್ಡಿನಿಂದ, ಅಂದರೆ ಸರ್ವಿಸ್‌ಗೆ ಬಿಡುವಾಗ ನಮ್ಮ ದೂರು ಬರೆದುಕೊಳ್ಳುವ ಚೀಟಿಯಿಂದ. "ಶಬ್ದ ಬರುತ್ತಿದೆ" ಎಂದು ಬರೆಸುವುದನ್ನು ಬಿಟ್ಟು, ಯಾವ ವೇಗದಲ್ಲಿ, ರೀಜೆನ್‌ನಲ್ಲೂ ನ್ಯೂಟ್ರಲ್‌ನಲ್ಲೂ ಅದೇ ಶ್ರುತಿ, ಹಿಂದಿನ ಭೇಟಿಗಿಂತ ಜಾಸ್ತಿಯಾಗಿದೆ ಎಂದು ಬರೆಸಿದೆ. ಒಂದೇ ರಸ್ತೆಯಲ್ಲಿ ಒಂದೇ ವೇಗದಲ್ಲಿ ಮಾಡಿದ ಮೊಬೈಲ್ ರೆಕಾರ್ಡಿಂಗ್‌ಗಳನ್ನು ಇಮೇಲ್ ಮಾಡಿದೆ. ಷೋರೂಮಿನಲ್ಲಿ ನಿಂತಿರುವ ಹೊಸ ಕಾರನ್ನೂ ಓಡಿಸಿ, ಎರಡನ್ನೂ ಕೇಳಿ ಎಂದೆ. ಕಂಪನಿಯ ಇಂಜಿನಿಯರ್ ಬಂದು ಸ್ಟೆತಸ್ಕೋಪ್ ಇಟ್ಟ ಮೇಲೆ ಒಪ್ಪಿಗೆ ಸಿಕ್ಕಿತು. ಸಿಗದಿದ್ದರೆ ಗ್ರಾಹಕ ಸಹಾಯವಾಣಿ 1915 ಇತ್ತು, ಅದರಾಚೆಗೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆ ಪ್ರಕಾರ ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿ ಇರುವ ಊರಿಗೆ ಓಡಬೇಕಿಲ್ಲ. ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ.

ಬದಲಾವಣೆಯ ಒಳ್ಳೆಯದು ಏನು ಅಂದರೆ ನನಗೆ ಖರ್ಚಿಲ್ಲ, ಮತ್ತು ಮೋಟರ್, ಗೇರ್ ಎರಡೂ ಒಟ್ಟಿಗೆ ಹೊಸದು. ಕೆಟ್ಟದ್ದು ಕಾಯುವುದು. ಯೂನಿಟ್ ಬರುವವರೆಗೆ ಕಾರು ನಿಂತೇ ಇತ್ತು. ನಮ್ಮೂರಲ್ಲಿ ಹೈ ವೋಲ್ಟೇಜ್ ಕೆಲಸ ಮಾಡುವವರು ಇರಲಿಲ್ಲ, ಬೇಲೂರು ದಾರಿಯಾಗಿ ಹಾಸನಕ್ಕೆ ಲಾರಿಯ ಮೇಲೆ ಹೋಯಿತು. ಇವಿಯನ್ನು ಹಗ್ಗ ಕಟ್ಟಿ ಎಳೆಯಬಾರದು. ಚಕ್ರ ತಿರುಗಿದರೆ ಮೋಟರ್ ಜನರೇಟರ್ ಆಗಿ ಇನ್ವರ್ಟರಿಗೆ ವೋಲ್ಟೇಜ್ ಕಳಿಸುತ್ತದೆ. ಮೇಲೆ ಹತ್ತಿಸಿಕೊಂಡೇ ಹೋಗಬೇಕು.

ಇನ್ನೊಂದು ವಿಷಯ ಯಾರೂ ತಾವಾಗಿ ಹೇಳಲಿಲ್ಲ. ಬದಲಾಯಿಸಿದ ಯೂನಿಟ್‌ಗೆ ಹೊಸದಾಗಿ 8 ವರ್ಷ ಶುರುವಾಗುವುದಿಲ್ಲ. ಹಳೆಯ ವಾರಂಟಿಯಲ್ಲಿ ಉಳಿದಿದ್ದಷ್ಟೇ. ಬಂದಿದ್ದು ಹೊಚ್ಚ ಹೊಸದೋ, ರಿಪೇರಿ ಮಾಡಿ ಕಳಿಸಿದ್ದೋ ಎಂದು ಕೇಳಿ, ಹಳೆಯ ಮತ್ತು ಹೊಸ ಸೀರಿಯಲ್ ನಂಬರ್ ಎರಡನ್ನೂ ಬಿಲ್ಲಿನಲ್ಲಿ ಬರೆಸಿಕೊಂಡೆ.

ಇಡೀ ಯೂನಿಟ್ ಕಿತ್ತು ಹಾಕುವುದು ಅತಿಯಾಯಿತು ಎಂಬುದು ಭಾವನ ವಾದ. ಅದರಲ್ಲಿ ಸತ್ಯವಿದೆ. ಅಮೆರಿಕದ ಟೆಸ್ಲಾ ಕಂಪನಿಯ ಮಾಡೆಲ್ ಎಸ್ ಇವಿ 2012ರಲ್ಲಿ ಬಂದ ಮೇಲೆ ಇದೇ ತರಹದ ಶಬ್ದಕ್ಕೆ ಎಷ್ಟೋ ಡ್ರೈವ್ ಯೂನಿಟ್‌ಗಳನ್ನು (ಮೋಟರ್, ಗೇರ್ ಸೇರಿದ ಇಡೀ ಯೂನಿಟ್) ಬದಲಾಯಿಸಿದ್ದರು. 2014ರಲ್ಲಿ ಕಂಪನಿಯ ಮುಖ್ಯಸ್ಥ ಎಲಾನ್ ಮಸ್ಕ್ ಅವರೇ ಹೇಳಿದರು, ಅವುಗಳಲ್ಲಿ ಹಲವಕ್ಕೆ ಬದಲಾವಣೆಯೇ ಬೇಕಿರಲಿಲ್ಲ, ಸಂದು ತುಂಬುವ ಒಂದು ಪುಟ್ಟ ಲೋಹದ ತುಂಡು (ಶಿಮ್) ಹಾಕಿದ್ದರೆ ಸಾಕಿತ್ತು ಎಂದು. ಅದೇ ವರ್ಷ ಆಗಸ್ಟಿನಲ್ಲಿ ಆ ಕಂಪನಿ 85 ಕಿಲೋವ್ಯಾಟ್ ಅವರ್ ಬ್ಯಾಟರಿಯ ಕಾರುಗಳ ಡ್ರೈವ್ ಯೂನಿಟ್ ವಾರಂಟಿಯನ್ನು 8 ವರ್ಷಕ್ಕೆ ಏರಿಸಿತು, ಕಿಲೋಮೀಟರ್ ಮಿತಿ ಇಲ್ಲದೆ, ಮೊದಲೇ ಮಾರಿದ ಕಾರುಗಳಿಗೂ ಸೇರಿಸಿ. ಕಂಪನಿಗೆ ಯೂನಿಟ್ ಬದಲಾಯಿಸುವುದು ಸುಲಭ. ಬಿಚ್ಚಿ ಕೂತು ಹುಡುಕುವುದು ಕಷ್ಟ.

ಭಾವನಿಗೆ ಆ ಸುಲಭ ಸಿಗಲಿಲ್ಲ. ಬಾಡಿಗೆಗೆ ಓಡಿ ಕಿಲೋಮೀಟರ್ ಮಿತಿ ಮುಗಿದಿತ್ತು. ಕಂಪನಿ ಕಡೆ ಕೇಳಿದರೆ ಇಡೀ ಯೂನಿಟ್ಟಿಗೇ ಕೊಟೇಶನ್, ಲಕ್ಷಗಳ ಲೆಕ್ಕ, ಮೇಲೆ ಜಿಎಸ್‌ಟಿ ಶೇ 18. ಬೇರಿಂಗ್ ಬಿಡಿಯಾಗಿ ಕೊಡುವುದಿಲ್ಲವಂತೆ. ಹಾಸನದಲ್ಲಿ ಕಂಪನಿಯ ಹೊರಗೂ ಒಳ್ಳೆಯ ಮೆಕ್ಯಾನಿಕ್‌ಗಳಿಗೆ ಬರವಿಲ್ಲ, ಆದರೆ ಈ ಕೆಲಸಕ್ಕೆ ಯಾರೂ ಕೈ ಹಾಕಲಿಲ್ಲ. ಅದೇ ಸರಿ ಕೂಡ. ಒಳಗೆ ನೂರಾರು ವೋಲ್ಟ್. ಕಿತ್ತಳೆ ಬಣ್ಣದ ವೈರ್ ಮುಟ್ಟುವ ಮೊದಲು ಬ್ಯಾಟರಿಯ ಸಂಪರ್ಕ ಕಡಿಯುವ ಸರ್ವಿಸ್ ಪ್ಲಗ್ ತೆಗೆದು, ಕರೆಂಟ್ ಹಿಡಿದಿಟ್ಟುಕೊಳ್ಳುವ ಕೆಪ್ಯಾಸಿಟರ್ ಖಾಲಿಯಾಗುವವರೆಗೆ ಕಾದು, ಮೀಟರ್ ಇಟ್ಟು ನೋಡಬೇಕು. ಕೊನೆಗೆ ಬೆಂಗಳೂರಿನ ಒಂದು ಇವಿ ಗ್ಯಾರೇಜಿಗೆ ಒಯ್ದರು. ಹಾಸನದಿಂದ ಸುಮಾರು 185 ಕಿ.ಮೀ. ಲಾರಿ ಬಾಡಿಗೆಯೂ ಸಣ್ಣದಲ್ಲ.

ನಾನೂ ಹೋಗಿ ನೋಡಿದೆ. ಬೇರಿಂಗ್ ಬದಲಾವಣೆ ಅಂದರೆ ಸುಮ್ನೆ ಸುತ್ತಿಗೆ ಕೆಲಸ ಅಲ್ಲ. ರೋಟರಿನೊಳಗೆ ಕಾಯಂ ಮ್ಯಾಗ್ನೆಟ್‌ಗಳಿವೆ, ಬಿಚ್ಚುವಾಗ ಅದು ಪಕ್ಕದ ಕಬ್ಬಿಣಕ್ಕೆ ಹಾರಿ ಅಂಟಿಕೊಳ್ಳುತ್ತದೆ. ತಂತಿ ಸುರುಳಿಗೆ ಏಟು ಬಿದ್ದರೆ ಮೋಟರೇ ಹೋಯಿತು. ಅದಕ್ಕೆ ರೋಟರನ್ನು ನೇರವಾಗಿ ಹಿಡಿದಿಡುವ ಚೌಕಟ್ಟು, ಜಿಗ್, ಬೇಕು. ಅವರ ಬಳಿ ಇತ್ತು. ಗೇರ್ ಆಯಿಲ್ ಇಳಿಸಿ, ಅದರಲ್ಲಿನ ಲೋಹದ ಪುಡಿ ಹಿಡಿಯುವ ಮ್ಯಾಗ್ನೆಟ್ ತೋರಿಸಿದರು, ಬರೀ ಸಣ್ಣ ಪುಡಿ, ಚೂರುಗಳಿಲ್ಲ. ಅಂದರೆ ಗೇರ್ ಹಲ್ಲುಗಳು ಸರಿಯಿವೆ. ಸಾಮಾನ್ಯ ಉಕ್ಕಿನ ಬೇರಿಂಗ್ ಬದಲು ಸಿರಾಮಿಕ್ ಗುಂಡುಗಳ ಹೈಬ್ರಿಡ್ ಬೇರಿಂಗ್ ಹಾಕಿಸಿದರು. ಸಿಲಿಕಾನ್ ನೈಟ್ರೈಡ್ ಗುಂಡು ಕರೆಂಟ್ ಹಾಯಿಸುವುದಿಲ್ಲ, ಹಾಗಾಗಿ ಆ ಗುಳಿ ಬೀಳುವ ಕಥೆ ಅಲ್ಲಿಗೆ ನಿಲ್ಲುತ್ತದೆ. ಬೆಲೆ ಉಕ್ಕಿನದಕ್ಕಿಂತ ಬಹಳ ಜಾಸ್ತಿ. ಆದರೂ ಒಟ್ಟು ಬಿಲ್ ಕಂಪನಿ ಕೊಟೇಶನ್ನಿನ ಹತ್ತಿರಕ್ಕೂ ಹೋಗಲಿಲ್ಲ.

ಪಕ್ಕಪಕ್ಕ ಓಡಿಸಿದರೆ? ಚಪ್ಪಟೆ ರಸ್ತೆಯಲ್ಲಿ ಎರಡಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಕೈಮರ ದಾಟಿ ಬೆಟ್ಟ ಹತ್ತುವಾಗಲೂ ಹಾಗೇ. ಇಳಿಯುವಾಗ ಮಾತ್ರ ಭಾವನ ಕಾರಿನಲ್ಲಿ ತೆಳುವಾಗಿ ಗೇರಿನ ಸದ್ದು ಕೇಳುತ್ತದೆ. ರೀಜೆನ್‌ನಲ್ಲಿ ಗೇರ್ ಹಲ್ಲಿನ ಇನ್ನೊಂದು ಮಗ್ಗುಲಿಗೆ ಒತ್ತಡ ಬೀಳುತ್ತದೆ, ಹಳೆಯ ಗೇರ್ ಅಲ್ಲಿ ತನ್ನ ವಯಸ್ಸು ಹೇಳುತ್ತದೆ. ತೊಂದರೆ ಏನಿಲ್ಲ. ಗುಣದ ಲೆಕ್ಕದಲ್ಲಿ ಹೇಳುವುದಾದರೆ ಭಾವನ ಬೇರಿಂಗ್ ನನ್ನ ಹೊಸ ಯೂನಿಟ್ಟಿನ ಬೇರಿಂಗಿಗಿಂತ ಒಳ್ಳೆಯದು ಎಂದೇ ನನಗನ್ನಿಸುತ್ತದೆ. ನನ್ನದರಲ್ಲಿ ಮತ್ತೆ ಅದೇ ಉಕ್ಕಿನದು ಕೂತಿದೆ. ಆದರೆ ವಾರಂಟಿ ಇನ್ನೂ ಇರುವವರು ಹೊರಗೆ ಸೀಲ್ ಒಡೆಸಬೇಡಿ. ಒಡೆಸಿದ ದಿನವೇ ಮೋಟರ್ ವಾರಂಟಿ ಹೋಯಿತು ಎಂದು ತಿಳಿಯಿರಿ.

ಏನೂ ಮಾಡದೆ ಬಿಡುವುದೂ ಒಂದು ದಾರಿ. ಗೇರ್ ಸದ್ದಾಗಿದ್ದು ವರ್ಷಗಟ್ಟಲೆ ಹಾಗೇ ಇದ್ದರೆ ಬಿಡಬಹುದು. ಬೇರಿಂಗ್ ಸದ್ದನ್ನು ಬಿಡಬಾರದು. ಅದು ಬೆಳೆಯುತ್ತದೆ. ಚಾರ್ಮಾಡಿಯಲ್ಲೋ ಶಿರಾಡಿಯಲ್ಲೋ ಮೋಟರ್ ಹಿಡಿದುಕೊಂಡರೆ ಮಳೆಯಲ್ಲಿ ಲಾರಿ ಕಾಯುವವರು ನಾವೇ ಅಲ್ವಾ.

ಇನ್ನು ಹೆಚ್ಚುವರಿ ವಾರಂಟಿ. ಇದನ್ನು ಮಾರುವವರು ಮೋಟರ್ ಹೆಸರು ಹೇಳಿ ಹೆದರಿಸುತ್ತಾರೆ. ಆದರೆ 8 ವರ್ಷದ ವಾರಂಟಿ ಇರುವ ಗಾಡಿಯಲ್ಲಿ ಮೋಟರಿಗೆ ಇದು ಬೇಕಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ. ಆ 8 ವರ್ಷ ಮೋಟರ್ ಒಂದಕ್ಕೋ, ಗೇರ್ ಡಬ್ಬಿಗೂ ಸೇರಿಯೋ? ಇನ್ವರ್ಟರ್, ಕಾರಿನೊಳಗಿನ ಚಾರ್ಜರ್, 12 ವೋಲ್ಟ್ ಕೊಡುವ ಡಿಸಿ ಕನ್ವರ್ಟರ್, ಎಸಿ ಕಂಪ್ರೆಸರ್ ಇವೆಲ್ಲ ಯಾವ ಪಟ್ಟಿಯಲ್ಲಿವೆ? ನನ್ನ ಕಾರಿನಲ್ಲಿ ಇವು ಸಾಮಾನ್ಯ ವಾರಂಟಿಯ ಪಟ್ಟಿಯಲ್ಲಿದ್ದವು, ಅದು ಮುಗಿಯುವ ಹಂತದಲ್ಲಿತ್ತು. ಚಾರ್ಜರ್ ಒಂದು ಕೆಟ್ಟರೂ ಪ್ರೀಮಿಯಂಗಿಂತ ಜಾಸ್ತಿ ಬಿಲ್ ಬರುತ್ತದೆ. ಹಾಗಾಗಿ ತಗೊಂಡೆ. ಚಕ್ರದ ಬೇರಿಂಗ್, ಬುಷ್, ಸಸ್ಪೆನ್ಷನ್ ಇಂಥ ಸವೆಯುವ ವಸ್ತುಗಳು ಅದರಲ್ಲೂ ಇಲ್ಲ. ನಮ್ಮ ರಸ್ತೆಗಳಲ್ಲಿ ಮೊದಲು ಹೋಗುವುದು ಅವೇ.

ಮೂಲ ವಾರಂಟಿ ಮುಗಿಯುವ ಮೊದಲೇ ಕೊಂಡರೆ ತಪಾಸಣೆಯ ಗಲಾಟೆ ಇಲ್ಲ. ಒಂದು ಸರ್ವಿಸ್ ತಪ್ಪಿದರೂ ಕ್ಲೇಮಿನ ಹೊತ್ತಿಗೆ ಅದನ್ನೇ ಎತ್ತುತ್ತಾರೆ, ಬಿಲ್‌ಗಳನ್ನು ಎತ್ತಿಡಿ. ಇನ್ಶೂರೆನ್ಸ್ ಇದೆಯಲ್ಲ ಎನ್ನುವವರಿಗೆ ಒಂದೇ ಮಾತು: ಅಪಘಾತಕ್ಕೆ ಅದು, ಸವೆತಕ್ಕಲ್ಲ.

ಭಾವನಿಗೆ ಕಂಪನಿ ಹೆಚ್ಚುವರಿ ವಾರಂಟಿ ಕೊಡಲಿಲ್ಲ, ಕಿಲೋಮೀಟರ್ ಮೀರಿತ್ತು. ಹೊರಗಿನವರ ಪ್ಲಾನ್ ಒಂದನ್ನು ನೋಡಿದರು. ಕ್ಲೇಮಿಗೆ ಮಿತಿ, ಪ್ರತಿ ಸಲ ಕೈಯಿಂದ ಒಂದು ಪಾಲು, ಮೊದಲೇ ಬಿಚ್ಚಿದ ಮೋಟರಿಗೆ ಕವರೇ ಇಲ್ಲ. ಬೇಡ ಎಂದರು, ನಾನೂ ಬೇಡವೆಂದೆ. ಆ ಪ್ರೀಮಿಯಂ ದುಡ್ಡನ್ನು ಬೇರೆ ಖಾತೆಯಲ್ಲಿ ಇಟ್ಟಿದ್ದಾರೆ. ಈ ಮಳೆಗಾಲ ಕಳೆದ ಮೇಲೆ ಗೇರ್ ಆಯಿಲ್ ಮತ್ತೆ ಇಳಿಸಿ ಮ್ಯಾಗ್ನೆಟ್ ನೋಡುವುದು ಎಂದು ಮಾತಾಗಿದೆ.