ಹಕ್ಕಿಜ್ವರದ ರ‍್ಯಾಪಿಡ್ ಕಿಟ್: ಒಂದೇ ಗೆರೆ ಬಂದರೆ ಲೋಡ್ ಕಳಿಸಬಹುದಾ?

2025ರ ಫೆಬ್ರವರಿ ಕೊನೆಯಲ್ಲಿ ಚಿಕ್ಕಬಳ್ಳಾಪುರದ ವರದಹಳ್ಳಿಯಲ್ಲಿ ಹಕ್ಕಿಜ್ವರ ಅಂತ ಗೊತ್ತಾದ ಮೇಲೆ, ದೊಡ್ಡಬಳ್ಳಾಪುರ ಕಡೆಯ ಫಾರಂನವರು ನನ್ನ ಫೋನಿಗೆ ಬಿಡುವೇ ಕೊಡಲಿಲ್ಲ. ಒಂದು ಕೋಳಿ ತೂಕಡಿಸಿದರೂ "ಡಾಕ್ಟ್ರೇ, ಅದೇನಾ?" ಅಂತ ಕೇಳುತ್ತಿದ್ದರು. ಆಗ ತರಿಸಿದ್ದು ಹತ್ತು ಸ್ಟ್ರಿಪ್‌ಗಳ ಈ ಡಬ್ಬಿ. ಈಗ ಮೂರನೇ ಡಬ್ಬಿ ಮುಗಿಯುತ್ತಾ ಬಂದಿದೆ. ಕಂಪನಿ ಹೆಸರು ಬೇಡ, ಬೇರೆಯವರ ಕಿಟ್‌ನಲ್ಲೂ ಕೆಲಸ ಹೆಚ್ಚುಕಮ್ಮಿ ಇದೇ.

ಕೋವಿಡ್ ಕಾಲದಲ್ಲಿ ಮನೆಯಲ್ಲೇ ಮೂಗಿಗೆ ಕಡ್ಡಿ ಹಾಕಿ ನೋಡುತ್ತಿದ್ದೆವಲ್ಲ, ಇದೂ ಹಾಗೇ. ಕೋಳಿಯ ಗಂಟಲಲ್ಲೋ ಹಿಂಭಾಗದಲ್ಲೋ ಕಡ್ಡಿ ಆಡಿಸಬೇಕು, ಕಿಟ್ ಜೊತೆ ಬರುವ ಬಫರ್ ದ್ರಾವಣದ ಬಾಟಲಿಯಲ್ಲಿ ಅದ್ದಿ ಹಿಂಡಬೇಕು, ಮೂರು ನಾಲ್ಕು ಹನಿ ಬಿಡಬೇಕು. ಹದಿನೈದು ನಿಮಿಷ ಸಾಕು. ಸಿ ಗೆರೆ ಒಂದೇ ಬಂದರೆ ವೈರಸ್ ಕಂಡಿಲ್ಲ ಅಂತ, ಟಿ ಗೆರೆಯೂ ಬಂದರೆ ಕಂಡಿದೆ ಅಂತ, ಸಿ ಗೆರೆಯೇ ಬಾರದಿದ್ದರೆ ಸ್ಟ್ರಿಪ್ಪೇ ಕೆಟ್ಟಿದೆ ಅಂತ. ಆದರೆ ಹಿಕ್ಕೆ ಗಟ್ಟಿಯಾಗಿದ್ದರೆ ನೀರು ಮೇಲಕ್ಕೇರುವುದೇ ಇಲ್ಲ, ಅರ್ಧದಲ್ಲೇ ನಿಂತುಬಿಡುತ್ತದೆ. ಎರಡು ಸ್ಟ್ರಿಪ್ ಹಾಳು ಮಾಡಿಕೊಂಡ ಮೇಲೆ ಕಲಿತದ್ದು: ಬಾಟಲಿಯನ್ನು ಐದು ನಿಮಿಷ ಅಲುಗಾಡಿಸದೆ ಇಟ್ಟು, ಮೇಲಿನ ತಿಳಿಯನ್ನು ಮಾತ್ರ ಹಾಕಬೇಕು. ಕಿಟ್ ಜೊತೆ ಬಂದ ಚೀಟಿಯಲ್ಲಿ ಇದಿಲ್ಲ. ಚೀಟಿ ಇರುವುದೇ ಇಂಗ್ಲಿಷಿನಲ್ಲಿ, ಅದೂ ಇರುವೆ ಸಾಲಿನಂಥ ಅಕ್ಷರದಲ್ಲಿ.

ಒಂದು ಫಾರಂ ಕತೆ ಹೇಳುತ್ತೇನೆ. ನಾಲ್ಕು ಸಾವಿರ ಬ್ರಾಯ್ಲರ್, ಲಿಫ್ಟಿಂಗ್‌ಗೆ, ಅಂದರೆ ಮಾರಾಟಕ್ಕೆ ಕೋಳಿ ಲೋಡ್ ಮಾಡಲು, ನಾಲ್ಕೈದು ದಿನ ಬಾಕಿ. ಬೆಳಗ್ಗೆ ನೋಡಿದರೆ ಅರವತ್ತು ಸತ್ತಿವೆ. ಕೊಕ್ಕರೆ ರೋಗವೇ (ಕೋಳಿಗಳಿಗೆ ಬರುವ ರಾಣಿಖೇತ್ ರೋಗ) ಇರಬೇಕು ಅಂದುಕೊಂಡೆ. ಮಾಸ್ಕು, ಗ್ಲೌಸು ಹಾಕಿಕೊಂಡು, ಕೈಗೆ ಸಿಕ್ಕ ಓಡಾಡುವ ಕೋಳಿಗಳಿಂದ ಸ್ವಾಬ್ ತೆಗೆದೆ. ಒಂದೇ ಗೆರೆ. ಮಾಲೀಕರ ಮುಖ ಅರಳಿತು. "ಸರಿ ಅಲ್ವಾ ಡಾಕ್ಟ್ರೇ? ಸಂಜೆಗೇ ಲೋಡ್ ಕಳಿಸಿಬಿಡ್ತೀನಿ."

ಎದೆ ಧಸಕ್ಕೆಂದಿತು. ತಪ್ಪು ನನ್ನದೇ. ವೈರಸ್ ಜಾಸ್ತಿ ಇದ್ದರೆ ಮಾತ್ರ ಈ ಸ್ಟ್ರಿಪ್‌ಗೆ ಕಾಣುವುದು. ಹಾಗಾಗಿ ಸ್ವಾಬ್ ತೆಗೆಯಬೇಕಾದದ್ದು ಕುಸಿದು ಕೂತ ಕೋಳಿಯಿಂದ, ಆಗಷ್ಟೇ ಸತ್ತ ಕೋಳಿಯಿಂದ. "ಸ್ವಲ್ಪ ತಡೀರಣ್ಣ" ಅಂದು ಮತ್ತೊಮ್ಮೆ ಹಾಕಿದೆ. ಹನ್ನೊಂದನೇ ನಿಮಿಷಕ್ಕೆ ಟಿ ಅಕ್ಷರದ ಎದುರು ತೆಳು ಗುಲಾಬಿ ಗೆರೆ. ಇದೆಯೋ ಇಲ್ಲವೋ ಅಂತ ಮೊಬೈಲ್ ಟಾರ್ಚ್ ಬಿಟ್ಟು ನೋಡಿದೆವು. "ಏನೂ ಕಾಣ್ತಿಲ್ಲ" ಅಂದರು ಅವರು. ಪಾಪ, ಕಾಣಬಾರದು ಅಂತಲೇ ಅವರ ಆಸೆ. ಹಕ್ಕಿಜ್ವರ ಖಚಿತವಾದರೆ ಸುತ್ತ 1 ಕಿಲೋಮೀಟರ್ ಒಳಗಿನ ಕೋಳಿಗಳನ್ನೆಲ್ಲ ಕೊಲ್ಲಬೇಕು. ಸರ್ಕಾರದ ಪರಿಹಾರ ಕೊಂದ ಕೋಳಿಗೆ, ಮೊದಲೇ ಸತ್ತದ್ದಕ್ಕಲ್ಲ. ಮುಚ್ಚಿಟ್ಟು ಕೂತಷ್ಟೂ ನಷ್ಟ ಅಂತ ಅವರಿಗೆ ಹೇಳಿ ಒಪ್ಪಿಸಲು ಗೆರೆ ಮೂಡಿದ್ದಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು.

ಲೋಡ್ ನಿಂತಿತು. ತಾಲ್ಲೂಕು ಪಶು ಆಸ್ಪತ್ರೆಗೆ ಫೋನ್ ಮಾಡಿದೆ, ಅವರು ಬಂದು ಸ್ಯಾಂಪಲ್ ತೆಗೆದುಕೊಂಡು ಹೋದರು. ಹಕ್ಕಿಜ್ವರ ಹೌದೋ ಅಲ್ಲವೋ ಅಂತ ಅಧಿಕೃತವಾಗಿ ಹೇಳುವುದು ಭೋಪಾಲದಲ್ಲಿರುವ ಸರ್ಕಾರಿ ಪ್ರಾಣಿರೋಗ ಲ್ಯಾಬು, ನನ್ನ ಸ್ಟ್ರಿಪ್ಪಲ್ಲ. ಕೊನೆಗೆ ಬಂದ ಉತ್ತರ: ಕೋಳಿಗಳನ್ನು ಕೊಲ್ಲಬೇಕಾಗುವ ಎಚ್5 ತಳಿ ಅಲ್ಲ, ಅದೇ ಗುಂಪಿನ ಸೌಮ್ಯ ತಳಿ ಎಚ್9ಎನ್2. ಕಿಟ್ ಸುಳ್ಳು ಹೇಳಿರಲಿಲ್ಲ. ಇನ್‌ಫ್ಲುಯೆಂಜಾ ಎ ಗುಂಪಿನ ವೈರಸ್‌ಗಳಲ್ಲೆಲ್ಲ ಇರುವ ಒಂದು ಪ್ರೋಟೀನನ್ನಷ್ಟೇ ಅದು ಹುಡುಕುತ್ತದೆ. ಯಾವ ತಳಿ ಅಂತ ಬೇರ್ಪಡಿಸಲು ಬರುವುದಿಲ್ಲ. ಹಾಗಂತ ಎಚ್9 ಅಂದರೆ ನಮಗೇನೂ ಆಗಲ್ಲ ಅಂತಲೂ ಅಲ್ಲ. ಪಶ್ಚಿಮ ಬಂಗಾಳದ ನಾಲ್ಕು ವರ್ಷದ ಮಗುವಿಗೆ ಅದು ತಗುಲಿದ್ದನ್ನು ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ವರದಿ ಮಾಡಿತ್ತು.

ಇನ್ನೊಂದು ತಕರಾರು ಬಿಸಿಲಿನದು. ಡಬ್ಬಿಯ ಮೇಲೆ 2ರಿಂದ 30 ಡಿಗ್ರಿ ಅಂತ ಬರೆದಿದೆ. ಏಪ್ರಿಲ್‌ನಲ್ಲಿ ಸ್ಕೂಟರ್ ಡಿಕ್ಕಿಯಲ್ಲಿ ಒಂದು ಮಧ್ಯಾಹ್ನ ಬಿಟ್ಟೆ. ಆಮೇಲೆ ಮೂರು ಸ್ಟ್ರಿಪ್‌ನಲ್ಲಿ ಸಿ ಗೆರೆಯೇ ಬರಲಿಲ್ಲ. ಬದಲಿಸಿ ಕೊಡಿ ಅಂದರೆ ಡೀಲರ್ "ಹಂಗೆಲ್ಲ ಆಗಲ್ಲ ಮೇಡಂ" ಅಂದ. ಒಂದು ಸ್ಟ್ರಿಪ್‌ಗೆ ಒಂದು ಕೋಳಿಗಿಂತ ಜಾಸ್ತಿ ದುಡ್ಡು. ಅಷ್ಟು ತೆಗೆದುಕೊಂಡು ಒಂದು ಜೊತೆ ಗ್ಲೌಸಾದರೂ ಡಬ್ಬಿಯಲ್ಲಿ ಹಾಕಬಾರದಾ?

ಐದಕ್ಕೆ ಮೂರು ಸ್ಟಾರ್. ವೈದ್ಯರ ಬ್ಯಾಗಿನಲ್ಲಿ ಇರಬೇಕಾದ್ದು. ಫಾರಂನವರು ತಾವೇ ತರಿಸಿ, ಒಂದೇ ಗೆರೆ ನೋಡಿ ಕೋಳಿ ಮಾರುವುದಾದರೆ ಬೇಡವೇ ಬೇಡ. ಅಂಥವರು ಸತ್ತ ಕೋಳಿ ಮುಟ್ಟದೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಲಿ, ಅದಕ್ಕೆ ದುಡ್ಡೂ ಇಲ್ಲ. ನಾನಂತೂ ನಾಲ್ಕನೇ ಡಬ್ಬಿಗೆ ಹೇಳಿದ್ದೇನೆ. ಲಸಿಕೆ ಒಯ್ಯುವ ಐಸ್ ಡಬ್ಬಿಯಲ್ಲಿ ಅದಕ್ಕೂ ಈಗ ಒಂದು ಮೂಲೆ ಇದೆ.